ಎಷ್ಟು ಎತ್ತರ ಎಂದು ಇನ್ನು ಯಾರೂ ಕೇಳಬೇಡಿ

ಬಲಗಾಲಿನ ಹರಡು ಊದಿ ಬದನೆಕಾಯಿಯಂತಾಗಿದೆ. ಹುಬ್ಬಳ್ಳಿಯ ಮನೆಯಲ್ಲಿ ದಿಂಬಿನ ಮೇಲೆ ಕಾಲಿಟ್ಟುಕೊಂಡು ಕುಳಿತು ಇವತ್ತಿಗೆ ಮೂರನೆಯ ದಿನ. ನೋವನ್ನು ಹೇಗೋ ತಡೆದುಕೊಳ್ಳುತ್ತಿದ್ದೇನೆ. ನೋಡಲು ಬಂದವರ ಪ್ರಶ್ನೆಯನ್ನು ಮಾತ್ರ ತಡೆಯಲಾಗುತ್ತಿಲ್ಲ.

'ಎಲ್ಲಿ ಬಿದ್ದಿರಿ?'

'ಗೋಕರ್ಣದಲ್ಲಿ. ಗುಡ್ಡ ಹತ್ತುವಾಗ.'

'ಯಾವ ಗುಡ್ಡ? ಎಷ್ಟು ಎತ್ತರ?'

ಅಲ್ಲಿಗೆ ನನ್ನ ಮರ್ಯಾದೆ ಮುಗಿಯಿತು. ಕುಡ್ಲೆ ಕಡಲತೀರಕ್ಕೂ ಓಂ ಕಡಲತೀರಕ್ಕೂ ನಡುವಿನ ಗುಡ್ಡ ಎಂದೊಡನೆ, ಹೋಗಿ ಬಂದವರೆಲ್ಲ ನಗುತ್ತಾರೆ. 'ಅದಾ? ಅಷ್ಟೇನಾ?' ಎನ್ನುತ್ತಾರೆ. ಎಕ್ಸ್‌ರೇ ನೋಡಿದ ವೈದ್ಯರೂ ತುಟಿ ಬಿಗಿಹಿಡಿದೇ ಮಾತನಾಡಿದರು. ಬಿದ್ದವರ ನೋವನ್ನು ಅಡಿಕೋಲು ಹಿಡಿದು ಅಳೆಯುವ ಪದ್ಧತಿ ಯಾವಾಗಿನಿಂದ ಬಂತು?

ಎಲ್ಲದಕ್ಕೂ ಮೂಲ ನನ್ನ ಮೈದುನ. 'ವೈನಿ, ಅದನ್ನು ಗುಡ್ಡ ಎನ್ನಬಾರದು, ದಿಬ್ಬ. ಹತ್ತೇ ನಿಮಿಷ. ಮೇಲಿನಿಂದ ನೋಡಿದರೆ ತೀರ ಸಾಕ್ಷಾತ್ ಓಂಕಾರದಂತೆ ಕಾಣುತ್ತದೆ' ಎಂದ. ನಾನೂ ನಂಬಿದೆ. ದಿನವೂ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತಿ ಇಳಿಯುವವಳು ಎಂಬ ಜಂಬ ಬೇರೆ ನನಗಿತ್ತು. ಆದರೆ ನೃಪತುಂಗ ಬೆಟ್ಟಕ್ಕೆ ಇರುವುದು ಒಳ್ಳೆಯ ರಸ್ತೆ. ಅಲ್ಲಿ ಉಣಕಲ್ಲಿನ ಕಡೆಯಿಂದ ಗಾಳಿ ಬೀಸುತ್ತದೆ, ದಣಿದರೆ ಕುಳಿತುಕೊಳ್ಳಬಹುದು. ಕಡಲಿನ ಪಕ್ಕದ ಗುಡ್ಡ ಆ ಜಾತಿಯದಲ್ಲ.

ಮೈಯೆಲ್ಲ ಕೆಂಪು ಕಲ್ಲು, ಆ ಕಡೆಯವರು ಚಿರೇಕಲ್ಲು ಎನ್ನುವುದು. ಯುಗಯುಗಗಳ ಮಳೆ ಅದರೊಳಗಿನ ಸಿಲಿಕಾವನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದು ಗಟ್ಟಿಯಾದ ಕಲ್ಲು ಅದು. ತುಂಬ ತೂತು, ತೂತಿನ ಅಂಚೆಲ್ಲ ಹರಿತ. ಮನೆ ಕಟ್ಟುವವರಿಗೆ ಚಿನ್ನದಂಥ ಕಲ್ಲಿರಬಹುದು, ನಡೆಯುವವರಿಗೆ ಶತ್ರು. ಅದರಿಂದ ಉದುರಿದ ಹರಳುಗಳು ಚಪ್ಪಲಿಯ ಕೆಳಗೆ ಗೋಲಿಗಳಂತೆ ಉರುಳುತ್ತವೆ. ಎರೆಹೊಲದಲ್ಲಿ ಬೆಳೆದ ನನ್ನ ಕಾಲಿಗೆ ಕೆಸರು ಗೊತ್ತು, ಹೆಂಟೆ ಗೊತ್ತು. ಗೋಲಿಯ ಮೇಲೆ ನಡೆಯುವುದನ್ನು ಯಾರೂ ಕಲಿಸಿರಲಿಲ್ಲ.

ಸೆಕೆಯನ್ನಂತೂ ಹೇಳುವುದೇ ಬೇಡ. ನಮ್ಮ ಕಡೆ ಬೆವರಿದರೆ ಒಂದು ಗಾಳಿಗೆ ಆರುತ್ತದೆ. ಅಲ್ಲಿ ಗಾಳಿಯೇ ನೀರು ಹೊತ್ತುಕೊಂಡು ಬರುವಾಗ ನನ್ನ ಬೆವರನ್ನು ಎಲ್ಲಿಂದ ಹೀರಬೇಕು? ಹನ್ನೊಂದು ಗಂಟೆಯ ಬಿಸಿಲು. ದಾರಿಯಲ್ಲಿ ಒಣಗಿದ ಹುಲ್ಲು ಬಿಟ್ಟರೆ ನೆರಳು ಕೊಡುವ ಒಂದು ಗಿಡವಿಲ್ಲ. ಬುತ್ತಿಯ ಚೀಲ ಯಾರ ಹೆಗಲಿಗೆ ಬಿದ್ದಿತ್ತು ಎಂದು ಬೇರೆ ಹೇಳಬೇಕೇ? ಮೂವತ್ತು ಕಡಕ್ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ. ಮೈದುನನ ಕೈಯಲ್ಲಿ ಮೊಬೈಲ್. ಅವನು ಹಿಮ್ಮುಖವಾಗಿ ನಡೆಯುತ್ತ, 'ವೈನಿ, ಸ್ವಲ್ಪ ನಗಿರಿ' ಎನ್ನುತ್ತಿದ್ದ. ಹಾಗೆ ಹಿಂದೆ ಹಿಂದೆ ನಡೆದ ಅವನು ಬೀಳಲಿಲ್ಲ. ಮುಂದೆ ನೋಡಿ ನಡೆದ ನಾನು ಬಿದ್ದೆ.

ಬಿದ್ದೊಡನೆ ಚೀಲದಿಂದ ಡಬ್ಬಿ ಹಾರಿ ಮುಚ್ಚಳ ತೆರೆದು, ಎಣಗಾಯಿ ಒಂದೊಂದಾಗಿ ಇಳಿಜಾರಿನಲ್ಲಿ ಉರುಳಿತು. ಎಲ್ಲರೂ ಒಟ್ಟಿಗೆ ಕೂಗಿದರು: 'ಅಯ್ಯೋ, ಎಣಗಾಯಿ!' ನನ್ನ ಹೆಸರು ಆಮೇಲೆ ಬಂತು. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅದಕ್ಕಿಂತಲೂ ಉರಿದದ್ದು ಮುಂದೆ. ಇಬ್ಬರು ತೋಳು ಹಿಡಿದು ಕುಂಟಿಸಿಕೊಂಡು ಆಚೆ ಬದಿಗೆ ಕರೆದೊಯ್ದರೆ ಎದುರಿಗೆ ಡಾಂಬರು ರಸ್ತೆ! ಊರಿನಿಂದ ಬಂದು ಸಾಲಾಗಿ ನಿಂತ ಆಟೊಗಳು! ನನ್ನ ವಯಸ್ಸಿನ ಹೆಂಗಸರು ಅವುಗಳಿಂದ ಸೆರಗು ಸರಿಪಡಿಸಿಕೊಳ್ಳುತ್ತ ಇಳಿಯುತ್ತಿದ್ದರು.

'ಇಲ್ಲಿಯವರೆಗೆ ರಸ್ತೆ ಇರುವುದು ನಿನಗೆ ಗೊತ್ತಿತ್ತೇನು?' ಎಂದು ಕೇಳಿದೆ.

'ಗೊತ್ತಿತ್ತು ವೈನಿ. ಆದರೆ ನಡೆದು ಬಂದರೇ ಮಜಾ.'

ಮನೆಗೆ ಬಂದ ಮೇಲಾದರೂ ಸಮಾಧಾನ ಸಿಕ್ಕಿತೇ ಎಂದರೆ ಅದೂ ಇಲ್ಲ. ನಮ್ಮವರು ಲೆಕ್ಕದಲ್ಲಿ ಬಲು ಚುರುಕು. ಹುಬ್ಬಳ್ಳಿ ಇರುವುದೇ ಸಮುದ್ರ ಮಟ್ಟದಿಂದ 600 ಮೀಟರ್‌ಗಿಂತ ಮೇಲಂತೆ. 'ನಮ್ಮ ಮನೆಯ ಹೊಸ್ತಿಲೇ ಆ ಗುಡ್ಡದ ನೆತ್ತಿಗಿಂತ ಎತ್ತರದಲ್ಲಿದೆ. ಅರಬೈಲ್ ಘಟ್ಟ ಇಳಿದು ಹೋಗಿ ಬಿದ್ದು ಬಂದವಳು ಗುಡ್ಡ ಹತ್ತಿದೆ ಎನ್ನಬಾರದು' ಎಂದು ಚಹಾ ಕುಡಿಯುತ್ತ ಹೇಳಿದರು. ಆ ಚಹಾ ಕೂಡ ನಾನೇ ಕುಂಟುತ್ತ ಮಾಡಿ ಕೊಟ್ಟದ್ದು.

ಇದೇ ಕಾಲು ಮುಳ್ಳಯ್ಯನಗಿರಿಯಲ್ಲಿ ಉಳುಕಿದ್ದರೆ ಬಂದವರೆಲ್ಲ ಹಣ್ಣು ಹಿಡಿದುಕೊಂಡು ಬರುತ್ತಿದ್ದರು. ಹಾಗಾಗಿ ನಿನ್ನೆ ಸಂಜೆ ಪಕ್ಕದ ಮನೆಯವರಿಗೆ ಅದನ್ನೇ ಹೇಳೋಣ ಎಂದುಕೊಂಡೆ: ಮುಳ್ಳಯ್ಯನಗಿರಿ, 1,930 ಮೀಟರ್, ಕರ್ನಾಟಕದಲ್ಲೇ ಅತಿ ಎತ್ತರ. ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ತನ್ನ ಮೊಬೈಲ್ ತೋರಿಸಿದಳು. ಮೈದುನ ಎಲ್ಲರಿಗೂ ಕಳುಹಿಸಿದ ಫೋಟೊ. ಕಲ್ಲಿನ ಮೇಲೆ ಕಾಲು ಹಿಡಿದುಕೊಂಡು ಕುಳಿತ ನಾನು, ಬೆನ್ನ ಹಿಂದೆಯೇ ಅರಬ್ಬೀ ಸಮುದ್ರ.