ಲೆವೆಲ್ ಕ್ರಾಸಿಂಗ್ ನಂಬರ್ ಒಂದು, ಅಡುಗೆಮನೆ

ಇದನ್ನು ಬರೆಯುವ ಹೊತ್ತಿಗೂ ನಮ್ಮ ಮನೆಯಿಂದ ಸೀದ ಸಾಸಿವೆ ವಾಸನೆ ಹೋಗಿಲ್ಲ. ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಕೊಪ್ಪಳದ ಧೂಳು ಒಳಗೆ ಬಂತೇ ಹೊರತು ವಾಸನೆ ಹೊರಗೆ ಹೋಗಲಿಲ್ಲ.

ಬೆಳಗ್ಗೆ ತಿಂಡಿಗೆ ಮಂಡಕ್ಕಿ ಒಗ್ಗರಣೆ. ಮಂಡಕ್ಕಿ ನೆನೆಸಿ ಹಿಂಡಿಟ್ಟಿದ್ದೆ. ಎಣ್ಣೆ ಕಾಯಿತು, ಸಾಸಿವೆ ಹಾಕಿದೆ. ಆಗ ನೆನಪಾಯಿತು, ಕರಿಬೇವು ಫ್ರಿಜ್ಜಿನಲ್ಲೇ ಉಳಿದಿದೆ. ಫ್ರಿಜ್ಜು ಹಾಲ್‌ನಲ್ಲಿ. ನಿಮ್ಮ ಮನೆಯಲ್ಲೂ ಹಂಗೇ ಅಲ್ವಾ? ಬಾಗಿಲಿಗೆ ಓಡಿಬಂದೆ. ಗೇಟು ಹಾಕಿತ್ತು.

ಗೇಟು ಅಂದರೆ ಮೂರು ಊದುಬತ್ತಿ ಕಡ್ಡಿ ಸೇರಿಸಿ ಅಂಟಿಸಿ, ಕೆಂಪು ಬಿಳಿ ಪಟ್ಟೆ ಬಳಿದದ್ದು. ನೆಲದಿಂದ ನಾಲ್ಕು ಬೆರಳು ಎತ್ತರ. ಅದರಾಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾವನವರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹಸಿರು ಬಾವುಟ.

"ನಿಂದ್ರವಾ. ಗೂಡ್ಸ್ ಬರಾಕತ್ತೈತಿ."

ಇದಕ್ಕೆಲ್ಲ ಕಾರಣ ಥಾಮಸ್. ಟಿವಿಯಲ್ಲಿ ಬರುತ್ತಲ್ಲ, ಮುಖ ಇರುವ ನೀಲಿ ಇಂಜಿನ್, ಅದು. ನಮ್ಮ ಆರು ವರ್ಷದ ಚಿನ್ನುಗೆ ಅದರ ಹುಚ್ಚು. ಅವನಪ್ಪ ಆನ್‌ಲೈನ್‌ನಲ್ಲಿ ಹಳಿ, ಇಂಜಿನ್, ಬೋಗಿಗಳ ಸೆಟ್ ತರಿಸಿದರು. ನಾನು ಬೆಲೆ ನೋಡಿ ಕೂಗಾಡಿದ್ದಕ್ಕೆ ದೊಡ್ಡ ಭಾಷಣ ಮಾಡಿದರು. ಇಂಗ್ಲೆಂಡಿನ ಆಡ್ರಿ ಎಂಬ ಪಾದ್ರಿ, ದಡಾರ ಬಂದು ಮಲಗಿದ್ದ ಮಗನಿಗೆ ಹೇಳಿದ ಕಥೆಗಳಂತೆ ಇವು. ಮೊದಲ ಪುಸ್ತಕ 1945ರಲ್ಲಿ ಬಂತಂತೆ. 1984ರಲ್ಲಿ ಟಿವಿಗೆ ಬಂದಾಗ ಕಂಪ್ಯೂಟರ್ ಚಿತ್ರ ಅಲ್ಲ, ನಿಜವಾದ ಮಾಡೆಲ್ ರೈಲುಗಳನ್ನೇ ಓಡಿಸಿ ಶೂಟಿಂಗ್ ಮಾಡಿದರಂತೆ, ಕಣ್ಣು ಹೊರಳಿಸೋದಕ್ಕೂ ರಿಮೋಟ್ ಇತ್ತಂತೆ. "ಪಾದ್ರಿ ಮನೆಯಲ್ಲೂ ಹಳಿ ಹಾಸಿದ್ದರು ಗೊತ್ತಾ?" ಅಂದರು. ಪಾದ್ರಿಯ ಹೆಂಡತಿಯ ಫ್ರಿಜ್ಜು ಎಲ್ಲಿತ್ತು ಅಂತ ಮಾತ್ರ ಹೇಳಲಿಲ್ಲ.

ಅಲ್ಲಿಗೆ ಮುಗಿದಿದ್ದರೆ ಅದು ಮಕ್ಕಳ ಆಟ. ಆದರೆ ಮಾವನವರು ರಿಟೈರ್ಡ್ ಸ್ಟೇಷನ್ ಮಾಸ್ಟರ್. ಬನ್ನಿಕೊಪ್ಪ, ಭಾನಾಪುರ, ಗಿಣಿಗೇರಿ ಅಂತ ಸುತ್ತಿದವರು. ಮೊದಲ ದಿನವೇ ಮೊಮ್ಮಗನ ಸ್ಕೇಲು ಇಸಕೊಂಡು ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅಳೆದರು. ಹದಿನಾರೂವರೆ ಮಿಲಿಮೀಟರ್. ಡಬ್ಬದ ಮೇಲೆ 1:76 ಅಂತ ಇತ್ತು, ಅಂದರೆ ನಿಜವಾದ ರೈಲಿನ ಎಪ್ಪತ್ತಾರರಲ್ಲಿ ಒಂದು ಪಾಲು. ಗುಣಿಸಿದರು. "1254! ಮೀಟರ್‌ಗೇಜ್ 1000, ಬ್ರಾಡ್‌ಗೇಜ್ 1676. ಇದ್ಯಾವ ಸೀಮಿ ಗೇಜು?" ಇಂಗ್ಲೆಂಡಿನ ಗೇಜು 1435. ಅಲ್ಲಿನ ಇಂಜಿನ್‌ಗಳು ಸಣ್ಣವು, ಮಾಡೆಲ್ ಮಾಡುವಾಗ ಒಳಗೆ ಮೋಟಾರ್ ಹಿಡಿಸಲಿಲ್ಲ ಅಂತ ಮೈ ಮಾತ್ರ ದೊಡ್ಡದು ಮಾಡಿ ಹಳಿ ಹಾಗೇ ಬಿಟ್ಟರಂತೆ. ಮಾವನವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಟಿವಿ ನೋಡಿದರೆ ಇನ್ನೂ ಸಿಟ್ಟು. "ಎಪಿಸೋಡಿಗೊಂದು ಡಿರೇಲ್ಮೆಂಟು! ಎನ್ಕ್ವೈರಿ ಇಲ್ಲ, ಸಸ್ಪೆನ್ಷನ್ ಇಲ್ಲ. ಆ ಟೊಪ್ಪಿಗಿ ಸಾಹೇಬ ಬೈದು ಬಿಡ್ತಾನ, ಅಷ್ಟ." ಸೆಟ್‌ನಲ್ಲಿ ಆ ಸಾಹೇಬನ ಬೊಂಬೆ ಇರಲಿಲ್ಲ. ಬದಲಿಗೆ ಕಿನ್ನಾಳದಿಂದ ಒಂದು ಮರದ ಬೊಂಬೆ ತಂದು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದರು. ಗೇಣುದ್ದ ಇಲ್ಲ, ಹದಿನೈದೇ ಸೆಂಟಿಮೀಟರ್. ರೈಲಿನ ಅಳತೆಯಲ್ಲಿ ಹನ್ನೊಂದು ಮೀಟರ್ ದಾಟುತ್ತದೆ. ಗೊಮ್ಮಟ ಟಿಕೆಟ್ ಚೆಕ್ ಮಾಡಲು ಬಂದಂತೆ ಕಾಣುತ್ತದೆ. ಅದಕ್ಕೆ ಅವರ ತಕರಾರಿಲ್ಲ.

ಹೋದ ತಿಂಗಳು ನಾನು ಕತ್ತಲಲ್ಲಿ ಕ್ಲಾರಾಬೆಲ್ ಎಂಬ ಬೋಗಿಯ ಮೇಲೆ ಕಾಲಿಟ್ಟೆ. ಕೊಕ್ಕೆ ಮುರಿಯಿತು. ಟಿವಿಯಲ್ಲಿ ಇಲ್ಲದ ಎನ್ಕ್ವೈರಿ ಮನೆಯಲ್ಲಿ ನಡೆಯಿತು. ಮೂವರ ಕಮಿಟಿ, ಅದರಲ್ಲಿ ಚಿನ್ನುವೂ ಒಬ್ಬ. ತೀರ್ಮಾನ: ಅಡುಗೆಮನೆ ಬಾಗಿಲಿಗೆ ಗೇಟು. ಗೇಟ್‌ಮನ್ ನಾನು. ಸಂಬಳ ಇಲ್ಲ.

ಸುಮ್ನೆ ಗೇಟಾದರೆ ಸಹಿಸುತ್ತಿದ್ದೆ. ಪ್ರೈವೇಟ್ ನಂಬರ್ ಅಂತ ಒಂದಿದೆ. ರೈಲು ಬಿಡುವ ಮುಂಚೆ ಸ್ಟೇಷನ್ ಮಾಸ್ಟರ್ ಗೇಟ್‌ಮನ್‌ಗೆ ಫೋನ್ ಮಾಡಬೇಕು, ಗೇಟ್‌ಮನ್ ಗೇಟು ಹಾಕಿ ತನ್ನ ಹಾಳೆಯಲ್ಲಿರುವ ಎರಡಂಕಿಯ ನಂಬರ್ ಹೇಳಬೇಕು. ಗೇಟು ಹಾಕಿದ್ದಕ್ಕೆ ಅದೇ ಸಾಕ್ಷಿ. ಹಾಗಾಗಿ ಹಿಟ್ಟು ನಾದುವಾಗ ನನ್ನ ಮೊಬೈಲ್ ಹೊಡೆದುಕೊಳ್ಳುತ್ತದೆ. ಮೆತ್ತಿದ ಕೈಯಲ್ಲೇ ಎತ್ತಿದರೆ ಆರು ಹೆಜ್ಜೆ ಆಚೆಯಿಂದ ಮಾವನವರು. ಒಂದೇ ಮಾತು ಫೋನಿನಲ್ಲೂ ಕೇಳುತ್ತದೆ, ಬಾಗಿಲಿನಿಂದಲೂ ಕೇಳುತ್ತದೆ. "ಥಾಮಸ್ ಅಪ್ ಪ್ಯಾಸೆಂಜರ್. ನಂಬರ್ ಹೇಳವಾ." ಬಾಯಿಗೆ ಬಂದದ್ದು ಹೇಳುತ್ತೇನೆ. ನಲವತ್ತಾರು. ಅವರು ರಿಜಿಸ್ಟರ್‌ನಲ್ಲಿ ಟೈಮ್ ಹಾಕಿ ಬರೆದುಕೊಳ್ಳುತ್ತಾರೆ. ಸಂಜೆ ಮತ್ತೆ ನಲವತ್ತಾರು ಅಂದರೆ ಮುಗೀತು. "ಒಮ್ಮಿ ಕೊಟ್ಟ ನಂಬರ್ ತಿರುಗಿ ಕೊಡಂಗಿಲ್ಲ!" ಗ್ಯಾಸ್ ಸಿಲಿಂಡರ್ ಯಾವತ್ತು ಬಂತು ಅನ್ನೋದೇ ನನಗೆ ನೆನಪಿರಲ್ಲ.

ಇವತ್ತು ಗೇಟು ಹಾಕಿದ್ದು ಚಿನ್ನು, ಬದಲಿ ಡ್ಯೂಟಿ. ಗೂಡ್ಸ್ ಬಂತು, ಪರ್ಸಿ ಇಂಜಿನ್, ಮೂರು ವ್ಯಾಗನ್. ಸರಿಯಾಗಿ ನನ್ನ ಮುಂದೆ ಬಂದಾಗ ಕರೆಂಟು ಹೋಯಿತು.

ನಿಂತುಬಿಟ್ಟಿತು. ಸಾಸಿವೆ ಚಟಪಟ ಅನ್ನುತ್ತಿದ್ದದ್ದು ಹಿಂದಿನಿಂದ ಕೇಳುತ್ತಿತ್ತು.

"ಮಾವಾ, ಗೇಟು ತಗೀರಿ. ಸಾಸಿವಿ ಹತ್ತಾಕತ್ತೈತಿ."

"ಸೆಕ್ಷನ್‌ನಾಗ ಗಾಡಿ ಐತೆಲ್ಲವಾ. ಹೆಂಗ ತಗೀಲಿ?"

"ದಾಟಿ ಬರ್ತೀನ್ರಿ."

"ಮುಚ್ಚಿದ ಗೇಟ್ ತಗದ್ರ ರೈಲ್ವೆ ಕಾಯ್ದೆ 160, ಮೂರು ವರ್ಷ. ಸುಮ್ನ ದಾಟಿದ್ರ 147, ಆರು ತಿಂಗಳು."

ಮೊಮ್ಮಗ ತಲೆಯಾಡಿಸಿದ. ನಾನೂ ನೋಡಿ, ಅರ್ಥವಾಗದವಳ ಹಾಗೆ ನಿಂತೇ ಇದ್ದೆ! ಒಂದು ಕಾಲು ಎತ್ತಿಟ್ಟರೆ ಆಯಿತು. ರೈಲ್ವೆ ಗೇಟಿನಲ್ಲಿ ನಿಂತು ನಿಂತು ಈ ಕಡೆಯವರ ಕಾಲಿಗೆ ಅದೇ ರೂಢಿಯಾಗಿರಬೇಕು. ಹಿಂದೆ ತಿರುಗಿ ಸ್ಟವ್ ಆರಿಸಬಹುದಿತ್ತು ಅನ್ನೋದು ಹೊಗೆ ಬಂದ ಮೇಲೆ ಹೊಳೆಯಿತು.

ಮಧ್ಯಾಹ್ನದವರೆಗೆ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಯಜಮಾನರು ಪಾತ್ರೆ ತೊಳೆಯಲು ಬಂದು ನಿಂತರು, ಅಂದರೆ ತಪ್ಪು ಒಪ್ಪಿಕೊಂಡರು ಅಂತ. ಬಾಣಲಿ ಉಜ್ಜುತ್ತಾ ಅಂದರು, "ನಾನು ಚಿಕ್ಕವನಿದ್ದಾಗ ಅಪ್ಪ ಬರೀ ನೈಟ್ ಡ್ಯೂಟಿ. ನಾನು ಸ್ಕೂಲಿಗೆ ಹೋಗುವಾಗ ಮಲಗಿರೋರು, ಬರೋವಾಗ ಬ್ಯಾಗ್ ತಗೊಂಡು ಹೊರಟಿರೋರು. ಅವರ ಜೊತೆ ರೈಲಾಟ ಆಡಿದ್ದು ನೆನಪೇ ಇಲ್ಲ." ನಾನು ಏನೂ ಅನ್ನಲಿಲ್ಲ. ಬಾಣಲಿಯ ಕರಿ ಮಾತ್ರ ಹೋಗಿರಲಿಲ್ಲ, ಅದನ್ನು ತೋರಿಸಿದೆ.

ರಾತ್ರಿ ಹನ್ನೊಂದಕ್ಕೆ ಎಚ್ಚರವಾಯಿತು. ಪಕ್ಕದಲ್ಲಿ ಯಜಮಾನರಿಲ್ಲ. ದಿಂಬಿನ ಕೆಳಗೆ ನನ್ನ ಮೊಬೈಲ್ ಗುರ್ ಅಂತು. ಅವರದೇ ನಂಬರ್, ಹಾಲ್‌ನಿಂದ. ಪಿಸುದನಿ: "ಥಾಮಸ್ ಡೌನ್ ಪ್ಯಾಸೆಂಜರ್. ನಂಬರ್ ಹೇಳು."

ನಿದ್ದೆಗಣ್ಣಲ್ಲಿ ಬಾಯಿಗೆ ಬಂದದ್ದೇ ಬಂತು. "ನಲವತ್ತಾರು."

ಆಚೆ ಕೋಣೆಯ ಕತ್ತಲಿನಿಂದ ಕೆಮ್ಮು ಕೇಳಿಸಿತು. "ಅದು ಮೊನ್ನೆ ಆಗೇತವಾ. ಬ್ಯಾರೆ ಹೇಳು."