ನಾನೇನೂ ಒತ್ತಿಲ್ಲ ಕಣೋ

ಹೋದ ತಿಂಗಳು ದೊಡ್ಡಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅದಕ್ಕೆ ಪ್ರಾಯಶ್ಚಿತ್ತ ಅಂತಲೇ ಇದನ್ನು ಬರೀತಿದ್ದೀನಿ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಅವರದು ಹೊಸ ಫೋನು. ತಂದು ಮೂರು ವಾರ ಆಗಿತ್ತು ಅಷ್ಟೆ. ನೋಡಿದರೆ ಪರದೆ ಮೇಲೆ ಬಣ್ಣದ ಗುಳ್ಳೆ ಒಡೆಯೋ ಒಂದು ಆಟ, ಒಂದು ಶಾಪಿಂಗ್ ಆ್ಯಪ್, ಪಕ್ಕದಲ್ಲೇ ತಕ್ಷಣ ಸಾಲ ಕೊಡ್ತೀವಿ ಅನ್ನೋ ಇನ್ನೊಂದು. "ದೊಡ್ಡಮ್ಮ, ಯಾವ ಲಿಂಕ್ ಒತ್ತಿದ್ರಿ?" ಅಂದೆ. "ನಾನೇನೂ ಒತ್ತಿಲ್ಲ ಕಣೋ, ಬೆಳಿಗ್ಗೆ ಎದ್ದು ನೋಡಿದ್ರೆ ಇತ್ತು" ಅಂದರು. ನಂಬಲಿಲ್ಲ. ಎಲ್ಲರೂ ಹೀಗೇ ಹೇಳೋದು ಅಂತ ಗೊಣಗಿಕೊಂಡು ಮೂರನ್ನೂ ತೆಗೆದುಹಾಕಿ ಕೊಟ್ಟೆ. ನಾಲ್ಕು ದಿನಕ್ಕೆ ಮತ್ತೆ ಕರೆ: "ಇನ್ನೊಂದು ಬಂದಿದೆ ಕಣೋ." ಈ ಸಲ ಅವರ ದನಿಯಲ್ಲೇ ಅಳುಕಿತ್ತು, ತಾನೇ ಏನೋ ಮಾಡಿಬಿಟ್ಟೆನೇನೋ ಅನ್ನೋ ಥರ.

ಆ ಹೊಸ ಐಕಾನನ್ನು ಒತ್ತಿ ಹಿಡಿದು ಆ್ಯಪ್ ಇನ್ಫೋಗೆ ಹೋದೆ. ಆ ಪುಟದ ತೀರಾ ಕೆಳಗೆ ಯಾರೂ ಓದದ ಒಂದು ಸಾಲಿರುತ್ತೆ, ಈ ಆ್ಯಪ್ ಯಾವುದರ ಮೂಲಕ ಇನ್‌ಸ್ಟಾಲ್ ಆಯಿತು ಅಂತ. ಸಾಮಾನ್ಯವಾಗಿ ಅಲ್ಲಿರೋದು ಪ್ಲೇ ಸ್ಟೋರ್ ಹೆಸರು. ಇಲ್ಲಿ ಬೇರೇನೋ ಇತ್ತು. ಸರ್ವಿಸ್, ಮ್ಯಾನೇಜರ್ ಅಂತೆಲ್ಲ ಸೇರಿಸಿಕೊಂಡ, ಕಣ್ಣು ಜಾರಿಹೋಗಲಿ ಅಂತಲೇ ಇಟ್ಟಂಥ ಹೆಸರು. ಹುಡುಕಿದರೆ ಪರದೆ ಮೇಲೆ ಅದಕ್ಕೆ ಐಕಾನೇ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೂರು ಚುಕ್ಕಿ ಒತ್ತಿ 'ಸಿಸ್ಟಮ್ ಆ್ಯಪ್ ತೋರಿಸು' ಅಂದ ಮೇಲೆ, ಅರವತ್ತು ಚಿಲ್ಲರೆ ಇದ್ದ ಪಟ್ಟಿ ಮುನ್ನೂರು ದಾಟಿತು. ಅದರೊಳಗೆ ಸಿಕ್ಕಿತು. ಅನ್‌ಇನ್‌ಸ್ಟಾಲ್ ಗುಂಡಿ ಇರಲಿಲ್ಲ, ಬರೀ ಡಿಸೇಬಲ್.

ಇದು ನಡೆಯೋದು ಹೀಗೆ. ನಾವು ಹಾಕಿಕೊಂಡ ಸಾಧಾರಣ ಆ್ಯಪ್ ಮೊದಲ ಸಲ ಇನ್ನೊಂದು ಆ್ಯಪನ್ನು ಇಳಿಸಲು ಹೊರಟರೆ ಆಂಡ್ರಾಯ್ಡ್ ನಮ್ಮನ್ನು ಕೇಳಲೇಬೇಕು. ಕಾರ್ಖಾನೆಯಲ್ಲೇ ಸಿಸ್ಟಮ್ ಭಾಗದೊಳಗೆ ಕೂರಿಸಿ, ಇನ್‌ಸ್ಟಾಲ್ ಮಾಡೋ ವಿಶೇಷ ಅಧಿಕಾರ ಕೊಟ್ಟುಬಿಟ್ಟ ಆ್ಯಪ್‌ಗೆ ಆ ಕಟ್ಟಳೆ ಇಲ್ಲ. ರಾತ್ರಿ ಎರಡು ಗಂಟೆಗೆ ವೈಫೈ ಸಿಕ್ಕಿದರೆ ತನ್ನ ಪಾಡಿಗೆ ಇಳಿಸುತ್ತೆ. ಸಿಸ್ಟಮ್ ಭಾಗ ನಮ್ಮ ಮಟ್ಟಿಗೆ ಓದೋಕಷ್ಟೇ ಇರೋದು, ಹಾಗಾಗಿ ಫ್ಯಾಕ್ಟರಿ ರೀಸೆಟ್ ಮಾಡಿದರೂ ಅದು ಹೋಗಲ್ಲ. ಹಿಂದಿರೋ ಲೆಕ್ಕ ಸರಳ: ಕಡಿಮೆ ಬೆಲೆಯ ಫೋನಿನಲ್ಲಿ ತಯಾರಕರಿಗೆ ಉಳಿಯೋದು ಕಡಿಮೆ, ಆ್ಯಪ್ ಕಂಪನಿಗಳು ಒಂದೊಂದು ಇನ್‌ಸ್ಟಾಲ್‌ಗೆ ಇಷ್ಟು ಅಂತ ಕೊಡುತ್ತವೆ.

ಗುಳ್ಳೆ ಆಟಕ್ಕೆ ಇಷ್ಟು ರಂಪ ಬೇಕಾ ಅನ್ನೋರಿಗೆ 2016ರ, ಅಡಪ್ಸ್ ಅನ್ನೋ ಚೀನಾ ಕಂಪನಿಯ ಪ್ರಕರಣ ನೆನಪಿಸಬೇಕು. ಕ್ರಿಪ್ಟೋವೈರ್ ಅನ್ನೋ ಅಮೆರಿಕದ ಭದ್ರತಾ ಕಂಪನಿ ಪತ್ತೆ ಹಚ್ಚಿದ್ದು. ಬ್ಲೂ ಆರ್1 ಎಚ್‌ಡಿ ಮೊದಲಾದ ಅಗ್ಗದ ಫೋನುಗಳಲ್ಲಿ ಮೊದಲೇ ಕೂತಿದ್ದ ಒಂದು ತಂತ್ರಾಂಶ ಮೆಸೇಜುಗಳನ್ನೂ ಯಾರಿಗೆ ಕರೆ ಮಾಡಿದ್ದೀವಿ ಅನ್ನೋ ಪಟ್ಟಿಯನ್ನೂ 72 ಗಂಟೆಗೊಮ್ಮೆ ಚೀನಾದ ಸರ್ವರ್‌ಗಳಿಗೆ ಕಳಿಸ್ತಿತ್ತು. ಅದನ್ನು ಅಲ್ಲಿ ಇಟ್ಟಿದ್ದದ್ದು ಯಾವ ಕೆಲಸಕ್ಕೆ ಗೊತ್ತಾ? ಫೋನಿಗೆ ಅಪ್‌ಡೇಟ್ ತರೋದಕ್ಕೆ! 2019ರಲ್ಲಿ ಸಂಶೋಧಕರ ಒಂದು ತಂಡ 214 ಕಂಪನಿಗಳ 1,700ಕ್ಕೂ ಹೆಚ್ಚು ಆಂಡ್ರಾಯ್ಡ್ ಫೋನುಗಳಿಂದ ಇಂಥ ಮೊದಲೇ ತುಂಬಿದ ಆ್ಯಪ್‌ಗಳನ್ನು ಒಟ್ಟುಹಾಕಿದಾಗ ಸಿಕ್ಕಿದ್ದು 82,000ಕ್ಕೂ ಮೇಲೆ. 2025ರ ಮೇನಲ್ಲಿ ಲೆಬನಾನಿನ ಡಿಜಿಟಲ್ ಹಕ್ಕುಗಳ ಸಂಸ್ಥೆ ಸ್ಮೆಕ್ಸ್ ಸ್ಯಾಮ್‌ಸಂಗ್‌ಗೆ ಬಹಿರಂಗ ಪತ್ರ ಬರೆದು, ಎ ಮತ್ತು ಎಂ ಸರಣಿಯ ಫೋನುಗಳಲ್ಲಿ ಬರೋ, ಬೇರೆ ಆ್ಯಪ್ ಇಳಿಸೋ ಆ್ಯಪ್‌ಕ್ಲೌಡನ್ನು ಬೇಡ ಅಂದವರು ತೆಗೆಯೋಕೆ ಆಗೋ ಹಾಗೆ ಮಾಡಿ ಅಂತ ಕೇಳಿತು.

ಒಳ್ಳೆಯ ಉದ್ದೇಶದವೂ ಇದೇ ದಾರಿಯಲ್ಲಿ ಬಂದಿವೆ, ನನಗೆ ಹೆಚ್ಚು ತಲೆ ಕೆಡಿಸೋದು ಅವೇ. 2021ರ ಜೂನ್‌ನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಕೋವಿಡ್ ಎಚ್ಚರಿಕೆಯ ಮಾಸ್‌ನೋಟಿಫೈ ಜನರ ಆಂಡ್ರಾಯ್ಡ್ ಫೋನುಗಳಿಗೆ ತಾನಾಗೇ ಇಳಿಯಿತು. ನೀವಾಗಿ ಚಾಲೂ ಮಾಡೋವರೆಗೆ ಅದು ಕೆಲಸ ಮಾಡಲ್ಲ ಅಂತ ಗೂಗಲ್ ಸಮಜಾಯಿಷಿ ಕೊಟ್ಟಿತು. 2024ರ ಕೊನೆಯಿಂದ ಗೂಗಲ್‌ನದೇ ಸೇಫ್ಟಿಕೋರ್ ಅನ್ನೋದು ಹೀಗೇ ಸದ್ದಿಲ್ಲದೆ ಬಂತು. ಮೆಸೇಜಲ್ಲಿ ಬರೋ ನಗ್ನ ಚಿತ್ರಗಳನ್ನು ಗುರುತಿಸಿ ಮಸುಕು ಮಾಡೋಕೆ, ಎಲ್ಲ ಪರಿಶೀಲನೆ ಫೋನಿನೊಳಗೇ ನಡೆಯುತ್ತೆ, ಹೊರಗೆ ಏನೂ ಹೋಗಲ್ಲ ಅಂದರು. ಇರಲಿ, ಒಪ್ಪಿದೆ. ಮೊದಲೇ ಒಂದು ಸಾಲು ಹೇಳೋಕೆ ಏನಾಗಿತ್ತು? ನಮ್ಮ ದೂರಸಂಪರ್ಕ ಇಲಾಖೆಯೂ 2025ರ ನವೆಂಬರ್ ಕೊನೆಗೆ ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಇರಲೇಬೇಕು ಅಂತ ಕಂಪನಿಗಳಿಗೆ ನಿರ್ದೇಶನ ಕೊಟ್ಟು, ಗಲಾಟೆಯಾದ ಮೇಲೆ ಡಿಸೆಂಬರ್ 3ಕ್ಕೆ ಆ ಕಡ್ಡಾಯ ಕೈಬಿಟ್ಟಿತು. ಕಳುವಾದ ಫೋನ್ ಬ್ಲಾಕ್ ಮಾಡಿಸೋಕೆ ಆ ಆ್ಯಪ್ ಉಪಯೋಗದ್ದೇ. ಬೇಕಾದವರು ಹಾಕಿಕೊಳ್ತಾರೆ.

'ಮುಚ್ಚಿಡೋಂಥದ್ದು ನಿನ್ನ ಹತ್ತಿರ ಏನಿದೆ?' ಅಂತ ಕಾಮೆಂಟಲ್ಲಿ ಬಂದೇ ಬರುತ್ತೆ, ಗೊತ್ತು. ನನ್ನ ತಕರಾರು ಅದಕ್ಕಿಂತ ಮುಂಚಿನದು. ಹಿರಿಯರಿಗೆ ನಾವು ಹಗಲೂ ರಾತ್ರಿ ಹೇಳೋ ಪಾಠ ಒಂದೇ: ಗೊತ್ತಿಲ್ಲದ ಆ್ಯಪ್ ಹಾಕಬೇಡಿ, ನೀವು ಹಾಕದೇ ಇದ್ದದ್ದು ಕಂಡರೆ ಹೆದರಿ, ನಮಗೆ ಹೇಳಿ. ಫೋನಲ್ಲಿ ಇರೋದೆಲ್ಲ ನಾವೇ ಹಾಕಿದ್ದು ಅನ್ನೋದು ನಿಜವಾಗಿದ್ದರೆ ಮಾತ್ರ ಈ ಪಾಠ ನಿಲ್ಲುತ್ತೆ. ವಾರಕ್ಕೊಂದು ಅಪರಿಚಿತ ಐಕಾನ್ ತಾನಾಗೇ ಬರೋ ಫೋನಿನಲ್ಲಿ ಜನ ಕಲಿಯೋದು ಉಲ್ಟಾ ಪಾಠ: 'ಕಂಪನಿಯವರು ಹಾಕಿರ್ತಾರೆ ಬಿಡು.' ನಾಳೆ ಯಾವನೋ ವಂಚಕ ನಮ್ಮ ಪರದೆಯನ್ನು ದೂರದಿಂದಲೇ ನೋಡೋ ಆ್ಯಪ್ ಕಳಿಸಿ ಇಳಿಸಿದರೂ ಅದು ಆ ಗುಂಪಿನಲ್ಲಿ ಇನ್ನೊಂದಾಗಿ ಕೂರುತ್ತೆ. ಖಾತೆ ಖಾಲಿಯಾದ ಮೇಲೆ "ನಾನು ಹಾಕಿಲ್ಲ" ಅಂದರೆ ನಂಬೋರು ಯಾರು? ನಾನೇ ನಂಬಲಿಲ್ಲವಲ್ಲ.

ಐರೋಪ್ಯ ಒಕ್ಕೂಟದಲ್ಲಿ 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳ ಮೇಲೆ ಒಂದು ಕಟ್ಟುಪಾಡಿದೆ: ಮೊದಲೇ ತುಂಬಿದ ಆ್ಯಪನ್ನು, ತೀರಾ ಅಗತ್ಯದ್ದನ್ನು ಬಿಟ್ಟು, ಸುಲಭವಾಗಿ ತೆಗೆಯೋಕೆ ಬಿಡಬೇಕು. ತೆಗೆಯೋಕೆ ಬಿಡೋದು ಸರಿಯೇ. ಆದರೆ ಇದೆ ಅಂತ ಗೊತ್ತೇ ಇಲ್ಲದ್ದನ್ನು ತೆಗೆಯೋದು ಹೇಗೆ?

ನಾನು ಮಾಡಿದ್ದು ಹೇಳ್ತೀನಿ. ಡಿಸೇಬಲ್ ಮಾಡಿದೆ, ಸಮಾಧಾನ ಆಗಲಿಲ್ಲ. ಫೋಟೋ ಎಲ್ಲ ಕಾಪಿ ಮಾಡಿಕೊಂಡು ಒಂದು ಭಾನುವಾರ ಫೋನನ್ನು ರೀಸೆಟ್ ಮಾಡಿದೆ. ಅದು ಹೋಗಲ್ಲ ಅಂತ ಗೊತ್ತಿತ್ತು, ಎಲ್ಲಿಂದ ಶುರುವಾಗುತ್ತೆ ಅಂತ ನೋಡಬೇಕಿತ್ತು. ಭಾಷೆ, ವೈಫೈ, ಖಾತೆ ಎಲ್ಲ ಆದ ಮೇಲೆ ಏಳನೆಯದೋ ಎಂಟನೆಯದೋ ಪರದೆ: 'ನಿಮಗಾಗಿ ಆಯ್ದ ಆ್ಯಪ್‌ಗಳು.' ಎಲ್ಲಕ್ಕೂ ಮೊದಲೇ ಟಿಕ್. ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಮುಂದೆಯೂ ಆಗಾಗ ಇಂಥವನ್ನು ಇಳಿಸಲು ಒಪ್ಪಿದ್ದೀರಿ ಅಂತ. ಅದರ ಕೆಳಗೆ ದೊಡ್ಡದಾಗಿ ನೀಲಿ ಗುಂಡಿ, 'ಮುಂದೆ'.

ಹೋದ ತಿಂಗಳು ಆ ಫೋನನ್ನು ಪೆಟ್ಟಿಗೆಯಿಂದ ತೆಗೆದು, ದೊಡ್ಡಮ್ಮನ ಕೈಗೂ ಕೊಡದೆ, ಐದು ನಿಮಿಷದಲ್ಲಿ ಮುಂದೆ ಮುಂದೆ ಮುಂದೆ ಅಂತ ಒತ್ತಿ ರೆಡಿ ಮಾಡಿ ಕೊಟ್ಟವನು ನಾನು.

ಅವರಿಗೆ ಹೇಳಿದೆ. "ನಾನು ಅವತ್ತೇ ಹೇಳಿದ್ನಲ್ಲ" ಅಂದರು, ಅಷ್ಟೆ. ಆಮೇಲೆ ನಿನ್ನೆ ಕರೆ ಬಂತು. ಪರದೆ ಮೇಲೆ ಏನೋ ಹೊಸದು ಕಾಣ್ತಿದೆಯಂತೆ. "ಇದು ನೀನು ಹಾಕಿದ್ದೋ, ಅವರು ಹಾಕಿದ್ದೋ?"