ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಏರುತ್ತಾ?

ಮಗುವಿನ ಡಬ್ಬಿಗೆ ದಿನಾ ಬೀಟ್‌ರೂಟ್ ಕಟ್ಲೆಟ್ ಹಾಕಿದರೆ ವಾರದಲ್ಲೇ ರಕ್ತ ಏರುತ್ತದೆ ಅನ್ನೋ ಮೆಸೇಜ್ ನಿಮಗೂ ಬಂದಿರುತ್ತದೆ, ಅಲ್ವಾ? ಕಾಳಜಿಯಿಂದಲೇ ಕಳಿಸುತ್ತಾರೆ, ಆದರೆ ಅದು ಸರಿಯಲ್ಲ. ಆ ಕೆಂಪು ಬೆಟಾನಿನ್ ಅನ್ನೋ ಬಣ್ಣದ್ದು, ರಕ್ತ ಏರೋಕೆ ಬೇಕಾದ ಕಬ್ಬಿಣಾಂಶದ್ದಲ್ಲ. ತುರಿಯುವಾಗ ಬೆರಳಿಗೆ ಅಂಟೋದೂ, ಮಾರನೇ ದಿನ ಡೈಪರ್ ಕೆಂಪಗಾಗಿ ಮನೆಯವರು ಗಾಬರಿಯಾಗೋದೂ ಅದರಿಂದಲೇ. 100 ಗ್ರಾಂ ಬೀಟ್‌ರೂಟ್‌ನಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ 4 ಮಿಲಿಗ್ರಾಂ ಆಸುಪಾಸು.

ನೀವೇ ನೋಡಬಹುದು. 2017ರ ಭಾರತೀಯ ಆಹಾರ ಸಂಯೋಜನೆ ಪಟ್ಟಿ ನೆಟ್‌ನಲ್ಲಿ ಸಿಗುತ್ತದೆ. ತರಕಾರಿಯ ಹೆಸರು ಹುಡುಕಿ, ಕಬ್ಬಿಣದ ಕಾಲಂ ನೋಡಿ, ಅಷ್ಟೇ. ಎಷ್ಟು ತಿನ್ನಬೇಕು ಅಂತಲೇ ಹೇಳದ ಮೆಸೇಜ್ ಮೇಲೆ ಸ್ವಲ್ಪ ಅನುಮಾನ ಇರಲಿ.

ಬೀಟ್‌ರೂಟ್ ಬಿಡಬೇಕಿಲ್ಲ. ರಾಗಿ ರೊಟ್ಟಿ ಹಿಟ್ಟಿಗೆ ತುರಿದು ಹಾಕಿ, ಜೊತೆಗೆ ನುಗ್ಗೆಸೊಪ್ಪು. ತಿನ್ನುವಾಗ ನಿಂಬೆ ಹಿಂಡಿದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ಮಗು ಬಿಳಿಚಿಕೊಂಡಿದ್ದರೆ ಡಾಕ್ಟರ್ ಹತ್ತಿರ ರಕ್ತ ಪರೀಕ್ಷೆ ಮಾಡಿಸಿ.